ಸಂಘರ್ಷ ನಡೆಯುವ ಕಡೆ ಹೆಣ್ಣುಮಕ್ಕಳು ಹೈಸ್ಕೂಲು ಬಿಡದ ಹಾಗೆ ತಂದೆ-ತಾಯಿಯ ಮನವೊಲಿಸುವುದು ಹೇಗೆ? ಹಾಸ್ಟೆಲ್ ಮಾಡಿದರೆ ಸಾಕೇ?

ಮನವೊಲಿಸುವ ಕೆಲಸ ಮೊದಲು ಬಿಡಿ. ಹೆಚ್ಚಿನವರು ಯಾವತ್ತೋ ಒಪ್ಪಿಯಾಗಿದೆ. ಮನೆ ಬಿಟ್ಟು ಬಂದವರ ಶಿಬಿರದಲ್ಲಿ ನಾನು ಪಾಠ ಹೇಳುತ್ತಿದ್ದೆ. ನಾವೂ ನಿಮ್ಮ ಹಾಗೇ ಜಾಗೃತಿ ಸಭೆ ಅಂತ ಓಡಾಡಿದವರು. ಒಬ್ಬ ತಾಯಿ ಸಭೆಯಲ್ಲೇ ಕೇಳಿಬಿಟ್ಟರು: "ಓದಿಸಬೇಕು ಅಂತ ನನಗೂ ಗೊತ್ತು ಟೀಚರ್. ಚೆಕ್‌ಪೋಸ್ಟ್ ದಾಟಿಸಿ ಅವಳನ್ನ ಯಾರು ಕರ್ಕೊಂಡು ಹೋಗ್ತೀರಿ?"

ಆದರೆ ನಮ್ಮನ್ನು ಮುಳುಗಿಸಿದ್ದು ಸಭೆಯಲ್ಲ. ಮೊದಲು ಚಿಕ್ಕವರಿಗೆ ಶುರು ಮಾಡೋಣ, ಹೈಸ್ಕೂಲಿನವರದ್ದು ಗಲಾಟೆ ತಣ್ಣಗಾದ ಮೇಲೆ ನೋಡೋಣ ಅಂದುಕೊಂಡೆವು. ಆಗ ಅದೇ ಸರಿ ಅನಿಸಿತ್ತು. ಇದ್ದದ್ದು ಒಂದೇ ಟೆಂಟು. ಹೈಸ್ಕೂಲು ಅಂದರೆ ವಿಷಯಕ್ಕೊಬ್ಬ ಟೀಚರ್ ಬೇಕು, ಲ್ಯಾಬ್ ಬೇಕು, ಎಲ್ಲಿಂದ ತರೋದು? ದೊಡ್ಡ ಹುಡುಗಿಯರು ತಮ್ಮ-ತಂಗಿಯರನ್ನು ಕರೆತಂದು ಹಿಂದೆ ಕೂರುತ್ತಿದ್ದರು. ಒಬ್ಬಳು ತಮ್ಮನನ್ನು ತೊಡೆ ಮೇಲೆ ಕೂರಿಸಿಕೊಂಡು, ನಾನು ಬೋರ್ಡಿನಲ್ಲಿ ಬರೆದ ಕೂಡುವ ಲೆಕ್ಕಕ್ಕೆ ಅವನ ಸ್ಲೇಟಿನಲ್ಲಿ ಉತ್ತರ ಬರೆದು, ಯಾರೂ ನೋಡುವ ಮೊದಲೇ ಅಂಗೈಯಿಂದ ಒರೆಸಿಬಿಡುತ್ತಿದ್ದಳು. ಒಂಬತ್ತನೇ ಕ್ಲಾಸಿನವಳು! ನಾನೋ, ಎಷ್ಟು ಸಹಾಯ ಮಾಡ್ತಾಳೆ ಅಂತ ಮೆಚ್ಚಿಕೊಂಡಿದ್ದೆ.

ಗಲಾಟೆ ತಣ್ಣಗಾಗಲೇ ಇಲ್ಲ. ಸುಮ್ನೆ ಕೂತ ಹದಿನೈದರ ಹುಡುಗಿ ಅಂದರೆ ಮನೆಯವರಿಗೆ ದಿನವೂ ಭಯ. ಮದುವೆ ಮಾಡಿದರೆ ಆ ಹೊಣೆ ಬೇರೆಯವರದ್ದು. ನಾವು ಹೈಸ್ಕೂಲಿನ ತರಗತಿ ತೆರೆಯುವ ಹೊತ್ತಿಗೆ ಅವಳೂ ಸೇರಿ ಸುಮಾರು ಜನ ಮದುವೆಯಾಗಿ ಹೋಗಿದ್ದರು. ಉಳಿದವರಿಗೆ ಪರೀಕ್ಷೆಗೆ ಹೆಸರು ಕೊಡುವ ಕೊನೆಯ ದಿನ ದಾಟಿತ್ತು.

ಹಾಗಾಗಿ ದೊಡ್ಡ ಹುಡುಗಿಯರ ತರಗತಿ ಮೊದಲ ವಾರವೇ ಶುರುವಾಗಲಿ. ಒಂದೆರಡು ಗಂಟೆ, ಬರೀ ಗಣಿತ ಆದರೂ ಪರವಾಗಿಲ್ಲ. ಪಕ್ಕದಲ್ಲೇ ಚಿಕ್ಕವರನ್ನು ನೋಡಿಕೊಳ್ಳಲು ಒಬ್ಬರು ಇರಲಿ, ಇಲ್ಲದಿದ್ದರೆ ಇವರಿಗೆ ಕೈ ಬಿಡುವಿರುವುದಿಲ್ಲ. ಪ್ಯಾಡ್ ಹಂಚಿ, ಬೇಡ ಅನ್ನಲ್ಲ, ಆದರೆ ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯಾ ನೋಡಿ.

ಹಾಸ್ಟೆಲ್ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. 2014ರ ಏಪ್ರಿಲ್‌ನಲ್ಲಿ ನೈಜೀರಿಯಾದ ಚಿಬೋಕ್‌ನಲ್ಲಿ ಬೊಕೊ ಹರಾಮ್ ಉಗ್ರರು 276 ಹುಡುಗಿಯರನ್ನು ಹೊತ್ತೊಯ್ದದ್ದು ಶಾಲೆಯ ಹಾಸ್ಟೆಲಿನಿಂದಲೇ. ಅಂತಿಮ ಪರೀಕ್ಷೆ ಬರೆಯಲು ಬಂದಿದ್ದವರು ಅವರು. ಹಾಗಂತ ಶಾಲೆಯೊಳಗೆ ಸೈನಿಕರ ಕ್ಯಾಂಪ್ ಹಾಕಿಸಿದರೆ ಶಾಲೆಯೇ ಗುರಿಯಾಗುತ್ತದೆ. 2015ರಲ್ಲಿ ಓಸ್ಲೋದಲ್ಲಿ ದೇಶಗಳ ಒಪ್ಪಿಗೆಗೆ ತೆರೆದ ಸುರಕ್ಷಿತ ಶಾಲೆಗಳ ಘೋಷಣೆ ಇರುವುದೂ ಇಂಥದ್ದನ್ನು ತಡೆಯಲೇ. ನಿಮ್ಮ ದೇಶ ಅದನ್ನು ಒಪ್ಪಿದ್ದರೆ, ಸೈನಿಕರನ್ನು ಶಾಲೆಯಿಂದ ದೂರವಿಡಿ ಅಂತ ಕೊಡುವ ಅರ್ಜಿಯಲ್ಲಿ ಧೈರ್ಯವಾಗಿ ಬರೆಯಿರಿ. ಹುಡುಗಿಯರು ಗುಂಪಾಗಿ ನಡೆಯಲಿ, ಜೊತೆಗೆ ಅವರ ಅಮ್ಮಂದಿರಲ್ಲೇ ಇಬ್ಬರು ಹೋಗಲಿ, ಅವರಿಗೆ ಸಂಬಳ ಕೊಡಿ.

ಇವತ್ತೇ ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಹುಡುಗಿಯ ಹೆಸರು, ಓದುತ್ತಿದ್ದ ತರಗತಿ, ಶಾಲೆ, ಯಾವ ದಾಖಲೆ ಕಳೆದಿದೆ ಎಲ್ಲ ಬರೆದು ಪರೀಕ್ಷಾ ಮಂಡಳಿಗೆ ಒಯ್ಯಿರಿ. ಮದುವೆಯಾದವರ ಹೆಸರನ್ನೂ ಸೇರಿಸಿ.