ಚೆಸ್‌ಗೆ ಚಪ್ಪಟೆ ಬೋರ್ಡಾ, ತ್ರೀಡಿ ಬೋರ್ಡಾ?

ಪ್ರಶ್ನೆ: ನನ್ನ ಮಗ ಮೊಬೈಲ್‌ನಲ್ಲೇ ಚೆಸ್ ಕಲಿತವನು. ಅದರಲ್ಲಿ ಚೆನ್ನಾಗಿ ಆಡುತ್ತಾನೆ. ಟೂರ್ನಮೆಂಟಿಗೆ ಹೋಗಿ ನಿಜವಾದ ಬೋರ್ಡಿನ ಮುಂದೆ ಕೂತರೆ ಮಾತ್ರ ಆ ಮೂಲೆಯಲ್ಲಿರುವ ಒಂಟೆ ಈ ಮೂಲೆಯ ಆನೆಯನ್ನು ಹೊಡೆಯುತ್ತದೆ ಅನ್ನೋದೇ ಕಾಣುವುದಿಲ್ಲ. ಆ್ಯಪ್‌ನಲ್ಲಿ ತ್ರೀಡಿ ಬೋರ್ಡ್ ಹಾಕಿ ಅಭ್ಯಾಸ ಮಾಡಿಸಿದರೆ ಸರಿಹೋಗುತ್ತಾ? (ದಾವಣಗೆರೆಯ ಓದುಗರು)

ಉತ್ತರ: ತ್ರೀಡಿ ಬೇಡ, ಒಂದು ನಿಜವಾದ ಬೋರ್ಡ್ ತಂದುಕೊಡಿ.

ತೊಂದರೆ ನಿಜವಾದದ್ದೇ. ಮೊಬೈಲ್‌ನಲ್ಲಿ 64 ಮನೆಗಳೂ ಒಂದೇ ನೋಟಕ್ಕೆ ಸಿಗುತ್ತವೆ. ಟೂರ್ನಮೆಂಟ್ ಬೋರ್ಡಿನಲ್ಲಿ ಒಂದೊಂದು ಮನೆಯೂ 5ರಿಂದ 6 ಸೆಂಟಿಮೀಟರ್, ರಾಜನ ಎತ್ತರವೇ ಸುಮಾರು 9.5 ಸೆಂಟಿಮೀಟರ್. ಅಲ್ಲಿ ಕಣ್ಣು ಓಡಾಡಬೇಕು, ಕತ್ತು ಆಡಬೇಕು. ಚೇಸ್ ಮತ್ತು ಸೈಮನ್ ಎಂಬ ಅಮೆರಿಕದ ಸಂಶೋಧಕರು 1973ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಆಟದ ಮಧ್ಯದ ಸ್ಥಿತಿಯನ್ನು 5 ಸೆಕೆಂಡ್ ತೋರಿಸಿದರೆ ಸಾಕು, ಬಲವಾದ ಆಟಗಾರ ಬಹಳಷ್ಟು ಕಾಯಿಗಳನ್ನು ನೆನಪಿನಿಂದ ಮತ್ತೆ ಜೋಡಿಸಿಬಿಡುತ್ತಾನೆ, ಆದರೆ ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟರೆ ಹೊಸಬನಿಗೂ ಅವನಿಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಅಂದರೆ ಒಳ್ಳೆಯ ಆಟಗಾರನಿಗೆ ಕಾಣುವುದು ಬಿಡಿ ಕಾಯಿಗಳಲ್ಲ, ಪರಿಚಯದ ವಿನ್ಯಾಸಗಳು. ನಿಮ್ಮ ಮಗನಿಗೆ ಆ ಪರಿಚಯ ಆಗಿರುವುದು ಚಪ್ಪಟೆ ರೂಪದಲ್ಲಿ ಮಾತ್ರ ಅಂತ ನನಗನಿಸುತ್ತದೆ.

ಹಾಗಾದರೆ ತ್ರೀಡಿ ಯಾಕೆ ಬೇಡ? ಪರದೆ ಮೇಲಿನ ತ್ರೀಡಿ ಹೆಸರಿಗೆ ಮಾತ್ರ ತ್ರೀಡಿ. ಒಂದೇ ಕಡೆಯಿಂದ ತೆಗೆದ ಫೋಟೋದ ಹಾಗೆ ಅದು. ನಿಜವಾದ ಬೋರ್ಡಿನ ಮುಂದೆ ಎರಡು ಕಣ್ಣಿಗೂ ಬೇರೆ ಬೇರೆ ನೋಟ ಸಿಗುತ್ತದೆ, ಸ್ವಲ್ಪ ಬಗ್ಗಿದರೆ ರಾಣಿಯ ಹಿಂದಿನ ಮನೆ ಕಾಣುತ್ತದೆ. ಪರದೆಯ ಮುಂದೆ ಎಷ್ಟು ಬಗ್ಗಿದರೂ ಏನೂ ಬದಲಾಗುವುದಿಲ್ಲ. ದೂರದ ಸಾಲಿನ ಮನೆಗಳು ಕುಗ್ಗಿ ಸಣ್ಣಗಾಗಿರುತ್ತವೆ, ಎತ್ತರದ ರಾಜ ಹಿಂದಿನ ಕಾಯಿಯನ್ನು ಅರ್ಧ ಮುಚ್ಚಿರುತ್ತಾನೆ. ಚಪ್ಪಟೆ ಬೋರ್ಡಿನ ಸ್ಪಷ್ಟತೆಯೂ ಇಲ್ಲ, ನಿಜವಾದ ಬೋರ್ಡಿನ ಆಳವೂ ಇಲ್ಲ.

ಸುತ್ತಿಡಬಹುದಾದ ವಿನೈಲ್ ಬೋರ್ಡು, ಟೂರ್ನಮೆಂಟ್ ಅಳತೆಯ ಪ್ಲಾಸ್ಟಿಕ್ ಕಾಯಿ ಸಾಕು, ಮರದ್ದೇ ಆಗಬೇಕಿಲ್ಲ. ಆ್ಯಪ್‌ನಲ್ಲಿ ಬಂದ ಪಜಲ್‌ಅನ್ನು ಅವನೇ ಬೋರ್ಡಿನ ಮೇಲೆ ಜೋಡಿಸಲಿ, ಕಾಯಿ ಮುಟ್ಟದೆ ಯೋಚಿಸಲಿ, ಉತ್ತರವನ್ನು ಹಾಳೆಯಲ್ಲಿ ಬರೆದ ಮೇಲೆ ಆ್ಯಪ್‌ನಲ್ಲಿ ಒತ್ತಲಿ. ಇನ್ನೊಂದು ಮಾತು, ಕಾಯಿ ಎಲ್ಲೆಲ್ಲಿ ಹೋಗಬಹುದು ಅಂತ ತೋರಿಸುವ ಚುಕ್ಕೆಗಳನ್ನು ಸೆಟ್ಟಿಂಗ್ಸ್‌ನಲ್ಲಿ ಇವತ್ತೇ ಆಫ್ ಮಾಡಿ. ಆ್ಯಪ್ ನಿಯಮಕ್ಕೆ ವಿರುದ್ಧವಾದ ನಡೆಯನ್ನು ಬಿಡುವುದೇ ಇಲ್ಲ. ಟೂರ್ನಮೆಂಟ್‌ನಲ್ಲಿ ಹಾಗಲ್ಲ, ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮದ ಕ್ಲಾಸಿಕಲ್, ಅಂದರೆ ದೀರ್ಘ ಸಮಯದ ಆಟದಲ್ಲಿ ಅಂಥ ಮೊದಲ ನಡೆಗೆ ಎದುರಾಳಿಗೆ ಯೋಚಿಸಲು 2 ನಿಮಿಷ ಹೆಚ್ಚು ಸಿಗುತ್ತದೆ, ಎರಡನೆಯದಕ್ಕೆ ಸಾಮಾನ್ಯವಾಗಿ ಆಟವೇ ಹೋಗುತ್ತದೆ.

ಪ್ರಶ್ನೆ: ಚಪ್ಪಟೆ ಬೋರ್ಡ್ ಅಂದರೆ ಮೇಲಿಂದ ನೋಡಿದ ಚಿತ್ರ ತಾನೆ? ಅದು ತ್ರೀಡಿಗಿಂತ ಸ್ಪಷ್ಟವಾಗಿ ಕಾಣುವುದು ಹೇಗೆ? (ಬೆಳಗಾವಿಯ ವಿದ್ಯಾರ್ಥಿ)

ಉತ್ತರ: ಒಳ್ಳೆಯ ಪ್ರಶ್ನೆ. ಒಂದು ಸಲ ನಿಜವಾದ ಬೋರ್ಡಿನ ಮೇಲೆ ನೇರವಾಗಿ ಬಗ್ಗಿ ನೋಡಿ. ಸೈನಿಕ, ಒಂಟೆ, ರಾಣಿ, ರಾಜ, ಎಲ್ಲವೂ ದುಂಡು ದುಂಡು. ಕುದುರೆಯೊಂದನ್ನು ಬಿಟ್ಟರೆ ಉಳಿದವನ್ನು ಬೇಗ ಗುರುತಿಸುವುದು ಕಷ್ಟ. ಚಪ್ಪಟೆ ಬೋರ್ಡಿನಲ್ಲಿ ಬೋರ್ಡನ್ನು ಮಾತ್ರ ಮೇಲಿಂದ ಬರೆದಿರುತ್ತಾರೆ, ಕಾಯಿಗಳನ್ನು ಪಕ್ಕದಿಂದ. ಎರಡು ನೋಟಗಳನ್ನು ಒಂದೇ ಚಿತ್ರದಲ್ಲಿ ಕೂಡಿಸಿದ್ದಾರೆ, ನಿಜ ಜೀವನದಲ್ಲಿ ಯಾರಿಗೂ ಹಾಗೆ ಕಾಣಲು ಸಾಧ್ಯವಿಲ್ಲ. ಅದಕ್ಕೇ ಒಂದು ಕಾಯಿ ಇನ್ನೊಂದನ್ನು ಮರೆಮಾಡುವುದಿಲ್ಲ, ಎಲ್ಲ ಮನೆಗಳೂ ಒಂದೇ ಅಳತೆ, ಒಂಟೆ ಹೋಗುವ ಓರೆ ದಾರಿಯನ್ನು ಕಣ್ಣು ಸಲೀಸಾಗಿ ಹಿಡಿಯುತ್ತದೆ. ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ಚೆಸ್ ಪುಸ್ತಕಗಳು, ಪತ್ರಿಕೆಗಳು ಕಂಡುಕೊಂಡ ಉಪಾಯ ಇದು.

1849ರಲ್ಲಿ ಲಂಡನ್ನಿನಲ್ಲಿ ಮಾರಾಟಕ್ಕೆ ಬಂದ ಸ್ಟಾಂಟನ್ ಮಾದರಿಯ ಕಾಯಿಗಳು ಇದಕ್ಕೆ ತುಂಬ ಸಹಾಯ ಮಾಡಿದವು. ರಾಜನ ತಲೆಯ ಶಿಲುಬೆ, ರಾಣಿಯ ಕಿರೀಟ, ಒಂಟೆಯ ತಲೆಯಲ್ಲಿನ ಸೀಳು, ಎಲ್ಲವೂ ಪಕ್ಕದ ನೋಟದಲ್ಲೇ ಗೊತ್ತಾಗುತ್ತವೆ. ಇವತ್ತಿನ ಆ್ಯಪ್‌ಗಳ ಚಿತ್ರಗಳು ಹೆಚ್ಚಾಗಿ ಅದೇ ರೂಪರೇಖೆಯವು.

ನೋಡಿ ಖುಷಿಪಡಲು ತ್ರೀಡಿ ಚೆನ್ನ. 1988ರ ಬ್ಯಾಟಲ್ ಚೆಸ್ ಎಂಬ ಕಂಪ್ಯೂಟರ್ ಆಟದಲ್ಲಿ ಕಾಯಿಗಳು ನಡೆದು ಹೋಗಿ ಹೊಡೆದಾಡುತ್ತಿದ್ದವು, ಅದರಲ್ಲೂ ಗಂಭೀರವಾಗಿ ಆಡುವವರಿಗೆ ಚಪ್ಪಟೆ ಬೋರ್ಡಿನ ಆಯ್ಕೆ ಕೊಟ್ಟಿದ್ದರು. ವಿಂಡೋಸ್ ವಿಸ್ತಾ ಮತ್ತು ವಿಂಡೋಸ್ 7ರ ಜೊತೆ ಬರುತ್ತಿದ್ದ ಚೆಸ್ ಟೈಟನ್ಸ್ ಎಂಬ ತ್ರೀಡಿ ಆಟದಿಂದಲೇ ನಮ್ಮಲ್ಲಿ ಎಷ್ಟೋ ಜನಕ್ಕೆ ಚೆಸ್ ರುಚಿ ಹತ್ತಿತು ಅಲ್ವಾ?

ಪ್ರಶ್ನೆ: ದೊಡ್ಡ ಆಟಗಾರರು ಯಾರಾದರೂ ತ್ರೀಡಿಯಲ್ಲಿ ಪಂದ್ಯ ಆಡಿದ್ದಾರಾ? (ಮೈಸೂರಿನ ಓದುಗರು)

ಉತ್ತರ: ಆಡಿದ್ದಾರೆ, ಅದೂ ಮಾಜಿ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್! 2003ರ ನವೆಂಬರ್, ನ್ಯೂಯಾರ್ಕ್. ಎದುರಾಳಿ ಎಕ್ಸ್‌ತ್ರೀಡಿ ಫ್ರಿಟ್ಜ್ ಎಂಬ ಪ್ರೋಗ್ರಾಂ. ಮುಟ್ಟಲು ಕಾಯಿಯೂ ಇಲ್ಲ, ಬೋರ್ಡೂ ಇಲ್ಲ. ಕ್ಯಾಸ್ಪರೋವ್ ವಿಶೇಷ ಕನ್ನಡಕ ಹಾಕಿ ಕೂತರು, ಪರದೆಯ ಬೋರ್ಡು ಅವರಿಗೆ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತಿತ್ತು, ನಡೆಯನ್ನು ಬಾಯಲ್ಲಿ ಹೇಳಿದರೆ ಕಂಪ್ಯೂಟರ್ ಕಾಯಿ ಸರಿಸುತ್ತಿತ್ತು. ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಹೋಗುತ್ತಿದ್ದದ್ದರಿಂದ ಇದು ನಮ್ಮ ಆ್ಯಪ್‌ಗಳಂಥದ್ದಲ್ಲ, ನಿಜವಾದ ತ್ರೀಡಿ.

ನಾಲ್ಕು ಆಟ, 2-2 ಸಮ. ಎರಡನೇ ಆಟದ 32ನೇ ನಡೆಯಲ್ಲಿ ಕ್ಯಾಸ್ಪರೋವ್ ಆನೆಯನ್ನು ತಪ್ಪಾದ ಮನೆಗೆ ಸರಿಸಿ ಸೋತರು. ಅದನ್ನು ಕನ್ನಡಕದ ತಲೆಗೆ ಕಟ್ಟುವುದು ಸರಿಯಲ್ಲ. 2006ರಲ್ಲಿ ಜರ್ಮನಿಯ ಬಾನ್‌ನಲ್ಲಿ ಡೀಪ್ ಫ್ರಿಟ್ಜ್ ಎಂಬ ಪ್ರೋಗ್ರಾಂ ವಿರುದ್ಧ ಆಡುತ್ತಿದ್ದ ಆಗಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಒಂದೇ ನಡೆಯ ಚೆಕ್‌ಮೇಟನ್ನು ನೋಡದೆ ಹೋದರು, ಅವರ ಮುಂದೆ ಇದ್ದದ್ದು ನಿಜವಾದ ಬೋರ್ಡು.

ನನಗೆ ಹೆಚ್ಚು ಇಷ್ಟ ಮೂರನೇ ಆಟ. ಕ್ಯಾಸ್ಪರೋವ್ ಸೈನಿಕರನ್ನು ಒಂದಕ್ಕೊಂದು ಅಡ್ಡ ನಿಲ್ಲಿಸಿ ಬೋರ್ಡಿನ ನಡುವನ್ನು ಪೂರ್ತಿ ಮುಚ್ಚಿಬಿಟ್ಟರು. ಆಗಿನ ಪ್ರೋಗ್ರಾಂಗೆ ಅಂಥ ಸ್ಥಿತಿಯಲ್ಲಿ ಏನು ಮಾಡಬೇಕೆಂದೇ ತೋಚಲಿಲ್ಲ, ಸುಮ್ನೆ ಕಾಯಿಗಳನ್ನು ಹಿಂದೆ ಮುಂದೆ ಆಡಿಸುತ್ತಿತ್ತು. ಕ್ಯಾಸ್ಪರೋವ್ ನಿಧಾನವಾಗಿ ಒಂದು ಬದಿಯಿಂದ ನುಗ್ಗಿ 45 ನಡೆಗಳಲ್ಲಿ ಗೆದ್ದರು. ಅಷ್ಟು ಖರ್ಚು ಮಾಡಿ ತೇಲಿಸಿದ ಬೋರ್ಡು ಗೆಲುವಿಗೆ ಏನೂ ಕೊಡಲಿಲ್ಲ, ಗೆಲ್ಲಿಸಿದ್ದು ಯೋಜನೆ.

ಪ್ರಶ್ನೆ: ನನಗೆ 70 ದಾಟಿದೆ. ಚಪ್ಪಟೆ ಚಿತ್ರಗಳಲ್ಲಿ ಒಂಟೆ, ಸೈನಿಕ ಎರಡೂ ಒಂದೇ ಥರ ಕಾಣುತ್ತವೆ. ತ್ರೀಡಿಯೇ ಹಿತ. ಅದರಲ್ಲೇ ಆಡಿದರೆ ತಪ್ಪೇ? (ಧಾರವಾಡದ ನಿವೃತ್ತ ಶಿಕ್ಷಕರು)

ಉತ್ತರ: ಖಂಡಿತ ತಪ್ಪಲ್ಲ ಸರ್, ಹಿತವಾದದ್ದರಲ್ಲೇ ಆಡಿ. ಬೋರ್ಡ್ ತಿರುಗಿಸಲು ಬಿಡುವ ಪ್ರೋಗ್ರಾಂ ಆದರೆ ನೋಟವನ್ನು ಸ್ವಲ್ಪ ಮೇಲಕ್ಕೆ ಎತ್ತಿಕೊಳ್ಳಿ, ಹಿಂದಿನ ಸಾಲು ಬಿಚ್ಚಿಕೊಳ್ಳುತ್ತದೆ. ಮ್ಯಾಕ್ ಕಂಪ್ಯೂಟರಿನ ಚೆಸ್‌ನಲ್ಲಿ ಬೋರ್ಡಿನ ಅಂಚು ಹಿಡಿದು ಎಳೆದರೆ ಸಾಕು. ಅಮೃತಶಿಲೆ, ಗಾಜಿನಂಥ ಹೊಳೆಯುವ ಕಾಯಿಗಳನ್ನು ಮಾತ್ರ ಆರಿಸಬೇಡಿ, ಮೈ ಹೊಳೆದಷ್ಟೂ ಬಿಳಿ ಯಾವುದು ಕಪ್ಪು ಯಾವುದು ಅನ್ನೋದು ಗೊಂದಲ. ಚಪ್ಪಟೆ ಬೋರ್ಡನ್ನು ಬಿಡುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಕಾಯಿಗಳ ಬೇರೆ ಮಾದರಿ ಹಾಕಿ ನೋಡಿ. ಒಂಟೆ ಚೆನ್ನಾಗಿ ಎದ್ದು ಕಾಣುವಂಥವು ಹಲವು ಇವೆ. ಆಗಲೂ ಕಣ್ಣು ಮಂಜಾದರೆ ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ತೋರಿಸಿಕೊಂಡು ಬನ್ನಿ.