ಸ್ಕೂಟರ್ ಐದನೇ ಪುಟದಲ್ಲಿ ಯಾಕೆ ನಿಂತಿದೆ?

ನಮಸ್ಕಾರ. ನಿಮ್ಮ ಕಥೆ ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕುವುದಿಲ್ಲ. ಆದರೆ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ಐದನೇ ಪುಟದ ಸ್ಕೂಟರ್.

ಬೆಟಗೇರಿಯ ಹೈಸ್ಕೂಲ್ ಟೀಚರ್, ಗಂಡ ತೀರಿಕೊಂಡ ತಿಂಗಳಿಗೇ ಡ್ಯೂಟಿಗೆ ಬರುತ್ತಾರೆ. ಅವರ ಪಾಲಿಗೆ ಹತ್ತನೇ ಕ್ಲಾಸಿನ ಪುಂಡರು. ಮೊದಲ ನಾಲ್ಕು ಪುಟ ಬರೀ ಅಳು. ‘ಕಣ್ಣೀರು’ 17 ಸಲ ಬಂದಿದೆ, ಎಣಿಸಿದೆ. ಟೀಚರೇ ಇಷ್ಟು ಅತ್ತರೆ ಓದುವವರಿಗೆ ಏನು ಉಳಿಯಿತು? ಆಮೇಲೆ ನೀವು ಸುಮ್ನೆ ಬರೆದುಕೊಂಡು ಹೋದ ಆರು ಸಾಲು. ಗಂಡನ ಸ್ಕೂಟರ್ ಅಂಗಳದಲ್ಲಿ ಮಳೆಗೆ ನೆನೆಯುತ್ತಾ ನಿಂತಿದೆ. ಟೀಚರ್ ಅದನ್ನು ಮುಟ್ಟಿಲ್ಲ. ಕ್ಲಾಸಿಗೆ ಚಕ್ಕರ್ ಹೊಡೆದು ಗ್ಯಾರೇಜಿನಲ್ಲಿ ಕೂರುವ ಹುಡುಗ ಬರುತ್ತಾನೆ. ಪ್ಲಗ್ ಬಿಚ್ಚಿ, ಪಾಲಿಶ್ ಪೇಪರಿನಿಂದ ತಿಕ್ಕಿ, ಊದಿ, ಕಿಕ್ ಹೊಡೆಯುತ್ತಾನೆ. “ಅಕ್ಕೋರ, ಗಾಡಿ ಹಿಂಗ ನಿಲ್ಲಿಸಬ್ಯಾಡ್ರಿ, ಬ್ಯಾಟರಿ ಡೌನ್ ಆಗ್ತೈತಿ” ಅನ್ನುತ್ತಾನೆ. ಟೀಚರ್ ಕಟ್ಟೆ ಮೇಲೆ ಕೂತುಬಿಡುತ್ತಾರೆ. ಪುಣ್ಯಕ್ಕೆ ನೀವು ಅದನ್ನು ಬಿಡಿಸಿ ಹೇಳಲು ಹೋಗಿಲ್ಲ.

ಕಥೆ ಅಲ್ಲಿಂದ ಶುರು ಮಾಡಿ.

ಎಂಟನೇ ಪುಟದ ಭಾಷಣ ಪೂರ್ತಿ ತೆಗೆಯಿರಿ. ಟೀಚರ್ ಒಂದೂವರೆ ಪುಟ ತಮ್ಮ ದುಃಖ ಹೇಳಿಕೊಳ್ಳುತ್ತಾರೆ, ಪುಂಡರೆಲ್ಲ ಒಂದೇ ಪೀರಿಯಡ್ಡಿನಲ್ಲಿ ಒಳ್ಳೆಯವರಾಗುತ್ತಾರೆ. ನಾನೂ ಈ ಕೆಲಸಕ್ಕೆ ಬರುವ ಮೊದಲು ಹುಬ್ಬಳ್ಳಿಯಲ್ಲಿ ಹತ್ತನೇ ಕ್ಲಾಸಿಗೆ ಪಾಠ ಮಾಡಿದವನು. ಅಪ್ಪ ತೀರಿಕೊಂಡ ವರ್ಷ ಹೀಗೇ ಮನಸ್ಸು ಬಿಚ್ಚಿ ಮಾತಾಡಿದೆ. ಗಂಟಲೂ ಕಟ್ಟಿತು. ಹಿಂದಿನ ಬೆಂಚಿನವರು ನಾನು ಎಷ್ಟು ಸಲ ‘ಅಂದರೆ’ ಅಂದೆ ಅಂತ ಗೀಟು ಹಾಕಿ ಎಣಿಸುತ್ತಿದ್ದರು. 43.

ಹುಡುಗರ ಮಾತು ಸ್ಕೂಟರ್ ಹತ್ತಿರ ಮಾತ್ರ ಬೆಟಗೇರಿಯದು. ಉಳಿದ ಕಡೆ “ನೀವು ಏಕೆ ದುಃಖಿತರಾಗಿರುವಿರಿ?” ಅನ್ನುತ್ತಾರೆ. “ಯಾಕ್ರಿ ಅಕ್ಕೋರ, ಆರಾಮಿಲ್ಲೇನ್ರಿ?” ಅಂತ ಕೇಳಿದರೆ ಸಾಕು. ಇನ್ನೊಂದು. ಟೀಚರ್ ಮನೆಗೆ ಅಯ್ಯನವರು ಬಂದು ವಿಭೂತಿ ಹಚ್ಚುತ್ತಾರೆ, ಮುಂದಿನ ಪುಟದಲ್ಲಿ ಚಿತಾಭಸ್ಮ ಹೊಳೆಗೆ ಬಿಡುತ್ತಾರೆ. ಲಿಂಗಾಯತರಲ್ಲಿ ಹೂಳುವುದೇ ರೂಢಿ ಅಲ್ವಾ? ನಮ್ಮ ಕಡೆ ‘ಮಣ್ಣಿಗೆ ಹೋಗಿ ಬಂದೆ’ ಅಂತಲೇ ಅನ್ನುವುದು. ಆ ಹುಡುಗ ಪ್ಲಗ್ ತಿಕ್ಕುತ್ತಾ, ತಲೆ ಎತ್ತದೆ, “ಮಣ್ಣಿಗೆ ನಾನೂ ಬಂದಿದ್ನ್ರಿ” ಅಂದರೆ ಹೇಗಿರುತ್ತದೆ ನೋಡಿ.

ಮೊಬೈಲ್ ಕದ್ದ ಆ 15 ವರ್ಷದ ಹುಡುಗನಿಗೆ ಬೇಡಿ ಹಾಕಿ, ಲಾಕಪ್ಪಿಗೆ ತಳ್ಳಿ, ಜೈಲಿಗೆ ಕಳಿಸಿದ್ದೀರಿ. ಸಿನಿಮಾ ನೋಡಿ ಬರೆದ ಹಾಗಿದೆ. 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ 18 ತುಂಬದವರನ್ನು ಲಾಕಪ್ಪಿಗೂ ಹಾಕುವಂತಿಲ್ಲ, ಜೈಲಿಗೂ ಕಳಿಸುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು. ಜಾಮೀನು ಸಿಗದಿದ್ದರೆ ವೀಕ್ಷಣಾಲಯ, ಅಂದರೆ ವಿಚಾರಣೆ ನಡೆಯುವಾಗ ಇಂಥ ಮಕ್ಕಳನ್ನು ಇಡುವ ಮನೆ. ಪೊಲೀಸರು ಕಾಯ್ದೆ ಮುರಿದರು ಅಂತ ತೋರಿಸಬೇಕೆಂದಿದ್ದರೆ ತೋರಿಸಿ, ಆದರೆ ತಿಳಿದೇ ಬರೆದಿದ್ದೀರಿ ಅಂತ ನಮಗೆ ಗೊತ್ತಾಗಬೇಕು. ನನ್ನನ್ನು ಕೇಳಿದರೆ ಮಂಡಳಿಯೇ ಒಳ್ಳೆಯ ದೃಶ್ಯ. ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂತಿರುತ್ತಾರೆ, ಅವರಲ್ಲಿ ಒಬ್ಬರಾದರೂ ಹೆಂಗಸು. ಹುಡುಗನ ಅಪ್ಪ ಬಂದಿಲ್ಲ. ಹೊರಗೆ ಅದೇ ಸ್ಕೂಟರ್ ಬಂದು ನಿಂತ ಸದ್ದು ಅವನಿಗೆ ಕೇಳಿಸುತ್ತದೆ. ಟೀಚರಿಗೆ ಗಾಡಿ ಓಡಿಸಲು ಬರುತ್ತದೋ ಇಲ್ಲವೋ, ನೀವೇ ತೀರ್ಮಾನಿಸಿ.

ಹತ್ತು ಪುಟ ಆರಕ್ಕೆ ಇಳಿಯಲಿ. ದೀಪಾವಳಿಯೊಳಗೆ ಕಳಿಸಿದರೆ ನಾನೇ ಓದುತ್ತೇನೆ. ಹಾಂ, ಗಾಡಿ ಯಾವ ಕಂಪನಿಯದು, ಯಾವ ಮಾಡೆಲ್ ಅಂತ ಬರೆಯಿರಿ. ಗ್ಯಾರೇಜ್ ಹುಡುಗ ಅದನ್ನು ಬರೀ ‘ಸ್ಕೂಟರ್’ ಅನ್ನುವವನಲ್ಲ.