‘ಐಸ್ ವೈಡ್ ಶಟ್’ ಚಿತ್ರದ ಮುಖವಾಡಗಳು ನಿಜವಾದ ಗುಪ್ತಕೂಟವೊಂದನ್ನು ಸೂಚಿಸುತ್ತವೆಯೇ?

ಅದಕ್ಕೆ ಆಧಾರವಿಲ್ಲ. ಸ್ಟ್ಯಾನ್ಲಿ ಕುಬ್ರಿಕ್ ಅವರ ಈ 1999ರ ಚಿತ್ರದ ಮೂಲ ಆರ್ಥರ್ ಶ್ನಿಟ್ಸ್ಲರ್ 1926ರಲ್ಲಿ ಪ್ರಕಟಿಸಿದ ಕಿರುಕಾದಂಬರಿ. ಮುಖವಾಡದ ಕೂಟ, ಪ್ರವೇಶಕ್ಕೊಂದು ಸಂಕೇತಪದ, ಎರಡೂ ಅಲ್ಲೇ ಇವೆ. ಆದರೆ ‘ಡೆನ್ಮಾರ್ಕ್’ ಎಂದಿದ್ದ ಆ ಪದ ಚಿತ್ರದಲ್ಲಿ ‘ಫಿಡೇಲಿಯೋ’ ಆಯಿತು. ಅದು ಬೀಥೋವನ್‌ನ ಒಪೆರಾದ (ಸಂಗೀತನಾಟಕದ) ಹೆಸರು. ಅದರಲ್ಲಿ ಹೆಂಡತಿ ಗಂಡುವೇಷ ತೊಟ್ಟು ಸೆರೆಯಲ್ಲಿರುವ ಗಂಡನನ್ನು ಬಿಡಿಸುತ್ತಾಳೆ. ಹೆಂಡತಿಗೆ ದ್ರೋಹ ಬಗೆಯಲು ಹೊರಟ ಚಿತ್ರದ ನಾಯಕ, ಒಬ್ಬ ವೈದ್ಯ, ಅವನ ಬಾಯಲ್ಲಿ ಈ ಪದ ಎಷ್ಟು ಚುಚ್ಚುತ್ತದೆ!

ಅಧಿಕಾರದ ನಿಜರೂಪ ನನಗೆ ಕಂಡದ್ದು ಮುಖವಾಡವೇ ಇಲ್ಲದ ದೃಶ್ಯದಲ್ಲಿ. ಕೆಂಪು ಹಾಸಿನ ಬಿಲಿಯರ್ಡ್ಸ್ ಮೇಜಿನ ಬಳಿ ನಿಂತ ಶ್ರೀಮಂತ ಜೀಗ್ಲರ್ ವೈದ್ಯನಿಗೆ, ಆ ಕೂಟದಲ್ಲಿದ್ದವರ ಹೆಸರು ಕೇಳಿದರೆ ನಿನಗೆ ನೆಮ್ಮದಿಯ ನಿದ್ದೆ ಬರಲಿಕ್ಕಿಲ್ಲ ಎನ್ನುತ್ತಾನೆ. ಹೆಸರು ಮಾತ್ರ ಹೇಳುವುದಿಲ್ಲ. ಯುವತಿಯೊಬ್ಬಳ ಸಾವನ್ನೂ ಆಕೆಯ ಮಾದಕವಸ್ತು ಚಟದ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಾನೆ. ವೈದ್ಯ ಅದನ್ನು ಪ್ರಶ್ನಿಸಿದರೂ ಏನೂ ಮಾಡಲಾರ.